ಪ್ರೈವೇಟ್ ಮಾಡಿದರೆ ಮುಗೀತಾ?

ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಎಲ್ಲ ರೋಗಕ್ಕೂ ಒಂದೇ ಮದ್ದು: 'ಪ್ರೈವೇಟ್‌ಗೆ ಕೊಟ್ಬಿಡ್ಬೇಕು ಗುರೂ.' ಮೊನ್ನೆ ಸರದಿ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ್ದು. ನಾನು ಮೂಡಲಗಿ ಕಡೆಯವನು ಅಂತ ಗೊತ್ತಿದ್ದೇ ಗೆಳೆಯ ಮಾತು ತೆಗೆದ: 'ನಿಮ್ಮೂರಿಗೆ ಫ್ಲೈಟ್ ಬರ್ತಾವೆ, ಆಮೇಲೆ ನಿಂತೇ ಹೋಗ್ತಾವೆ. ಸರ್ಕಾರದ್ದಲ್ವಾ, ಅದಕ್ಕೇ.'

ನನಗೆ ಸಿಟ್ಟು ಬಂತು. ಸಾಂಬ್ರಾ ಮೇಲಿನ ಪ್ರೀತಿಗಲ್ಲ. ನಮ್ಮ ರಾಜ್ಯದಲ್ಲೇ ಕಣ್ಣ ಮುಂದಿರೋ ಉದಾಹರಣೆಗಳನ್ನ ಯಾರೂ ನೋಡಲ್ವಲ್ಲ ಅಂತ.

ಪೂರಾ ಖಾಸಗಿ ನಿಲ್ದಾಣ ಹೆಂಗಿರುತ್ತೆ ನೋಡಬೇಕಾದರೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿಗೆ ಹೋಗಿ. ಜಿಂದಾಲ್ ಉಕ್ಕಿನ ಕಾರ್ಖಾನೆಯ ಹತ್ತಿರ ಕಂಪನಿಯದ್ದೇ ರನ್‌ವೇ ಇದೆ. ಟಿಕೆಟ್ ಮೇಲೆ ಊರಿನ ಹೆಸರೂ ಇರಲ್ಲ, 'ವಿದ್ಯಾನಗರ' ಅಂತಿರುತ್ತೆ. ಅದು ಕಂಪನಿ ಟೌನ್‌ಶಿಪ್ಪಿನ ಹೆಸರು. ಅವರ ದುಡ್ಡು, ಅವರ ಓಡಾಟ, ತಪ್ಪೇನಿಲ್ಲ. 2017ರಲ್ಲಿ ಉಡಾನ್ ಯೋಜನೆ ಬಂದು ಟ್ರೂಜೆಟ್ ವಿಮಾನ ಅಲ್ಲಿಂದ ಹಾರಿತು. 2022ರಲ್ಲಿ ಟ್ರೂಜೆಟ್ಟೇ ನಿಂತುಹೋಯಿತು. ಖಾಸಗಿ ರನ್‌ವೇ ಇದ್ದಲ್ಲೇ ಇತ್ತು, ವಿಮಾನವನ್ನು ಹಿಡಿದು ನಿಲ್ಲಿಸೋಕೆ ಅದರ ಕೈಲಿ ಆಗಲಿಲ್ಲ. ಉಕ್ಕು ಮಾರಿ ಬದುಕೋ ಯಜಮಾನನಿಗೆ ಪ್ರಯಾಣಿಕ ಬಂದರೂ ಸರಿ, ಬರದಿದ್ದರೂ ಸರಿ.

ಕಲಬುರಗಿ, ಶಿವಮೊಗ್ಗದ ಕತೆ ಇನ್ನೊಂದು. ಎರಡನ್ನೂ ಮೊದಲು ಕೊಟ್ಟಿದ್ದು ಖಾಸಗಿಯವರಿಗೇ. ಕಲಬುರಗಿಗೆ 2008ರಲ್ಲೇ ಅಡಿಗಲ್ಲು ಬಿತ್ತು. ವರ್ಷಗಟ್ಟಲೆ ಕಾದರೂ ಕೆಲಸ ಮುಗೀಲಿಲ್ಲ. ಕೊನೆಗೆ ಸರ್ಕಾರ ವಾಪಸ್ ತಗೊಂಡು, ನಾವು ದಿನಾ ಬಯ್ಯೋ ಅದೇ ಲೋಕೋಪಯೋಗಿ ಇಲಾಖೆ ಕಟ್ಟಿ ಮುಗಿಸಿತು. ಕಲಬುರಗಿ 2019ರಲ್ಲಿ ಶುರುವಾಯಿತು, ಶಿವಮೊಗ್ಗ 2023ರಲ್ಲಿ.

'ಹಂಗಾದ್ರೆ ದೇವನಹಳ್ಳಿ?' ಅಂತೀರಿ. ಚೆನ್ನಾಗಿದೆ, ಒಪ್ಪಿದೆ. ಆದರೆ ಅದು ಬರೀ ಜಾಣತನದಿಂದ ಗೆದ್ದದ್ದಲ್ಲ. ಸುಮಾರು 4,000 ಎಕರೆ ಜಮೀನನ್ನು ಸರ್ಕಾರ ಲೀಸಿಗೆ ಕೊಟ್ಟಿತು. 2004ರ ಒಪ್ಪಂದದ ಪ್ರಕಾರ, ಮೈಸೂರು, ಹಾಸನ ಬಿಟ್ಟರೆ 150 ಕಿ.ಮೀ. ಒಳಗೆ 25 ವರ್ಷ ಪೈಪೋಟಿಗೆ ಇನ್ನೊಂದು ನಿಲ್ದಾಣ ಬೆಳೆಯುವಂತಿಲ್ಲ. 2008ರ ಮೇ ತಿಂಗಳಲ್ಲಿ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳೆಲ್ಲ ಎದ್ದುಹೋದವು. ಟಿಕೆಟ್ಟಿನಲ್ಲಿ ಬಳಕೆದಾರರ ಶುಲ್ಕ ಬೇರೆ. ಎದುರಾಳಿಯನ್ನ ಅಖಾಡದಿಂದ ಹೊರಗಿಟ್ಟು ಆಡಿಸಿದ ಕುಸ್ತಿ ಇದು. ಅಂಥದ್ದೇ ಷರತ್ತು ಸಾಂಬ್ರಾಕ್ಕೆ ಬರೆದರೆ ಹುಬ್ಬಳ್ಳಿ, ಕೊಲ್ಹಾಪುರ ಎರಡೂ ಆ 150 ಕಿ.ಮೀ. ಒಳಗೇ ಬೀಳ್ತಾವೆ. ಅವರಿಗೇನು ಹೇಳ್ತೀರಿ?

ಈಗ ಸಾಂಬ್ರಾಕ್ಕೆ ಬರೋಣ. 1942ರಲ್ಲಿ ಬ್ರಿಟಿಷರ ವಾಯುಪಡೆ ಮಾಡಿದ ನಿಲ್ದಾಣ, 2017ರಲ್ಲಿ ಹೊಸ ಟರ್ಮಿನಲ್ ಆಯಿತು. ಮರುವರ್ಷವೇ ವಿಮಾನಗಳು ಹುಬ್ಬಳ್ಳಿಗೆ ಹೋದವು, ಯಾಕಂದರೆ ಉಡಾನ್ ಸಹಾಯಧನ ಅಲ್ಲಿತ್ತು. 2019ರಲ್ಲಿ ಸಹಾಯಧನ ಸಾಂಬ್ರಾಕ್ಕೂ ಬಂತು, ಹಿಂದೆಯೇ ವಿಮಾನಗಳೂ ಬಂದವು. ಮೂರು ವರ್ಷದ ಅವಧಿ ಮುಗಿದ ಮೇಲೆ ಕೆಲವು ಮಾರ್ಗ ನಿಂತವು. ಇದು ನಮ್ಮೂರೊಂದರ ಕತೆಯಲ್ಲ. 2023ರ ಸಿಎಜಿ ವರದಿ ನೋಡಿ: ಉಡಾನ್‌ನ ಮೂರನೇ ಸುತ್ತಿನ ತನಕ ದೇಶದಲ್ಲಿ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಸಹಾಯಧನದ ಅವಧಿ ಮುಗಿದ ಮೇಲೂ ಉಳಿದದ್ದು ಬರೀ 54. ಹಾರಿಸಬೇಕಾದವರು ಬಹುತೇಕ ಖಾಸಗಿಯವರೇ ಅಲ್ವಾ?

ಕೆಲವು ವರ್ಷದ ಹಿಂದೆ ಅಪ್ಪನಿಗೆ ಹುಷಾರಿಲ್ಲ ಅಂತ ಫೋನು ಬಂತು. ಮರುದಿನ ಬೆಳಿಗ್ಗೆಗೆ ಫ್ಲೈಟ್ ಬುಕ್ ಮಾಡಿದೆ. ಸಂಜೆ 'ರದ್ದು' ಅಂತ ಮೆಸೇಜು. ರಾತ್ರಿ ಬಸ್ಸಿಗೆ ಓಡಿ, ಗೋಕಾಕದಲ್ಲಿ ಇಳಿದು, ಆಸ್ಪತ್ರೆಗೆ ಹೋದರೆ ಅವ್ವ ಕೇಳಿದಳು: 'ವಿಮಾನದಾಗ ಬರತೇನಿ ಅಂದಿದ್ದೆಲ್ಲೋ ಯಪ್ಪಾ?' ನನಗೆ ಅವತ್ತು ಕೈ ಕೊಟ್ಟಿದ್ದು ಸರ್ಕಾರಿ ರನ್‌ವೇ ಅಲ್ಲ.

ಹಾಗಂತ ಎಲ್ಲಾ ಸರ್ಕಾರವೇ ನಡೆಸಲಿ ಅಂತಲೂ ನಾನು ಹೇಳ್ತಿಲ್ಲ. ನಮ್ಮ ಪಕ್ಕದ ಹುಕ್ಕೇರಿ ತಾಲೂಕು ನೋಡಿ. 1969ರಿಂದ ಅಲ್ಲಿ ಕರೆಂಟು ಹಂಚೋದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ರಾಜಕೀಯ ಇಲ್ಲವೇ? ಬೇಕಾದಷ್ಟಿದೆ. ಆದರೆ ಸದಸ್ಯನಿಗೆ ಓಟಿದೆ, ಸಭೆಯಲ್ಲಿ ನಿಂತು ಕೇಳಬಹುದು. ಕೊಚ್ಚಿ ನಿಲ್ದಾಣ ಕೇರಳ ಸರ್ಕಾರದ ಜೊತೆ ಹೊರದೇಶದಲ್ಲಿ ದುಡಿಯೋ ಮಂದಿಯೂ ಷೇರು ಹಾಕಿ ಕಟ್ಟಿದ್ದು, 1999ರಿಂದ ನಡೀತಿದೆ. ಸರ್ಕಾರ ಮತ್ತು ಸಾಹುಕಾರನ ನಡುವೆ ಇಂಥ ದಾರಿಗಳೂ ಇವೆ.

ನಾಳೆ ಸಾಂಬ್ರಾವನ್ನೋ ಇನ್ನೊಂದನ್ನೋ ಖಾಸಗಿಗೆ ಕೊಡೋದಾದರೆ ಮೂರು ಮಾತು ಕೇಳೋಣ. ಒಪ್ಪಂದ ಪೂರಾ ಕನ್ನಡದಲ್ಲಿ, ಸಹಿ ಬೀಳೋ ಮುಂಚೆ ಹೊರಗೆ ಬರಲಿ. ಪಕ್ಕದೂರಿನ ನಿಲ್ದಾಣದ ಬಾಯಿ ಕಟ್ಟೋ ಷರತ್ತು ಬೇಡ. ಸಣ್ಣ ಊರುಗಳ ವಿಮಾನಕ್ಕೆ ಇಳಿಯೋ ಶುಲ್ಕ ಎಷ್ಟು ಅಂತ ಮೊದಲೇ ಬರೆದಿಡಲಿ.

ನಾವು ಸಾಫ್ಟ್‌ವೇರ್ ಮಂದಿ ಷರತ್ತು ಓದದೇ 'ಐ ಅಗ್ರೀ' ಒತ್ತೋರು. ನಮ್ಮಪ್ಪ ಹಂಗಲ್ಲ. ಕಬ್ಬು ಕಳಿಸುವಾಗ ಫ್ಯಾಕ್ಟರಿ ಯಾರದ್ದು ಅಂತ ಅವ ತಲೆ ಕೆಡಿಸಿಕೊಳ್ಳಲ್ಲ. 'ತೂಕ ಸರಿ ಐತಿಲ್ಲೋ? ಬಿಲ್ಲು ಯಾವಾಗ ಕೊಡ್ತಾರ?' ಅಂತ ಕೇಳ್ತಾನ. ನಾವೂ ಅದನ್ನೇ ಕೇಳಬೇಕು.