ಬಜ್ಜಿ, ಬೊಜ್ಜು ಮತ್ತು ಮಿದುಳು

ಮೊಳಕಾಲ್ಮುರು ತಾಲ್ಲೂಕಿನ ಕೊಂಡ್ಲಹಳ್ಳಿಯಲ್ಲಿ ಮಧ್ಯಾಹ್ನ ಹೊಟ್ಟೆ ತುಂಬ ಮುದ್ದೆ ಉಂಡವರೂ ಸಂಜೆ ಬಾಣಲೆಯಿಂದ ಮೆಣಸಿನಕಾಯಿ ಬಜ್ಜಿ ಎದ್ದರೆ ಮಂಡಕ್ಕಿ ಜೊತೆಗೆ ಎರಡಾದರೂ ತಿನ್ನದೆ ಬಿಡರು. ಬಾಯಿಚಪಲ ಎಂದು ಬಯ್ಯುತ್ತೇವೆ. ಬೊಜ್ಜು ಬಂದವರಿಗೆ ಸಿಗುವ ಮೊದಲ ಬುದ್ಧಿಮಾತೂ ‘ಬಾಯಿ ಕಟ್ಟಿ’ ಎಂಬುದೇ. ಈ ಬೈಗುಳ ಪೂರ್ತಿ ನ್ಯಾಯವಲ್ಲ.

ಏಕೆಂಬುದರ ಸುಳಿವು ಗಾಂಜಾದಿಂದ ಸಿಕ್ಕಿತು: ಅದನ್ನು ಸೇದಿದವರಿಗೆ ವಿಪರೀತ ಹಸಿವಾಗುವುದು ಹಳೆಯ ತಿಳಿವಳಿಕೆ. ಗಾಂಜಾದ ಅಂಶ ಮಿದುಳಿನಲ್ಲಿ ಹೋಗಿ ಕೂರುವ ಸಿಬಿ-1 ಎಂಬ ಗ್ರಾಹಿ ಪತ್ತೆಯಾದದ್ದು 1990ರ ಹೊತ್ತಿಗೆ. ಗಾಂಜಾ ಮುಟ್ಟದವರಲ್ಲೂ ಈ ಗ್ರಾಹಿಗೆ ಕೆಲಸವಿದೆ. ದೇಹವೇ ತಯಾರಿಸುವ ಆನಂದಮೈಡ್ (ಪತ್ತೆಯಾದದ್ದು 1992ರಲ್ಲಿ) ಮತ್ತು 2-ಎಜಿ (1995ರಲ್ಲಿ) ಅದನ್ನು ಎಚ್ಚರಿಸುತ್ತವೆ. ಹೊಟ್ಟೆ ತುಂಬಿದವರಿಗೆ ಅವರ ಇಷ್ಟದ ತಿನಿಸು ಕೊಟ್ಟಾಗ ರಕ್ತದಲ್ಲಿ 2-ಎಜಿ ಏರಿದ್ದನ್ನು ಇಟಲಿಯ ಸಂಶೋಧಕರು 2012ರಲ್ಲಿ ತೋರಿಸಿದರು. ಬಜ್ಜಿಯ ಆಸೆಗೆ ಹಸಿವೇ ಬೇಕಿಲ್ಲ.

ಸಿಬಿ-1 ಮಿದುಳಿನಲ್ಲಷ್ಟೇ ಇಲ್ಲ. ಯಕೃತ್ತು, ಸ್ನಾಯು, ಕೊಬ್ಬಿನ ಕೋಶಗಳಲ್ಲೂ ಇದ್ದು, ಕೊಬ್ಬು ಕೂಡಿಡಲು ನೆರವಾಗುತ್ತದೆ. ಒಳಹೊಟ್ಟೆಯಲ್ಲಿ ಕೊಬ್ಬು ತುಂಬಿಕೊಂಡವರ ರಕ್ತದಲ್ಲಿ 2-ಎಜಿ ಹೆಚ್ಚಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅದು ಬೊಜ್ಜಿಗೆ ಕಾರಣವೋ ಬೊಜ್ಜಿನ ಫಲವೋ ಎಂಬ ವ್ಯಾಜ್ಯ ಇನ್ನೂ ತೀರಿಲ್ಲ. ಸಿಕ್ಕಾಗ ತಿಂದು ಕೂಡಿಡುವ ಈ ಏರ್ಪಾಡು ಮೊಳಕಾಲ್ಮುರು, ಚಳ್ಳಕೆರೆಯಂಥ ಬರದ ಸೀಮೆಯಲ್ಲಿ ನಮ್ಮ ಹಿರಿಯರನ್ನು ಕಾಪಾಡಿರಬೇಕು. ಈಗ ಬರ ಬಂದರೂ ಅಂಗಡಿಯಲ್ಲಿ ಕುರುಕಲು ತಿಂಡಿಗೆ ಬರವಿಲ್ಲ.

ಹಾಗಾದರೆ ಸಿಬಿ-1ರ ಬಾಯಿ ಮುಚ್ಚಿಸಿದರೆ ಸಾಕಲ್ಲವೇ? ಔಷಧ ಕಂಪನಿಗಳೂ ಹಾಗೆಯೇ ಯೋಚಿಸಿದವು. ರಿಮೊನಬಾಂಟ್ ಎಂಬ ಮಾತ್ರೆಗೆ 2006ರಲ್ಲಿ ಯುರೋಪ್ ಅನುಮತಿ ನೀಡಿತು. ವರ್ಷವಿಡೀ ನುಂಗಿದವರು, ಬರೀ ಹುಸಿ ಮಾತ್ರೆ ನುಂಗಿದವರಿಗಿಂತ ನಾಲ್ಕೈದು ಕಿಲೊ ಹೆಚ್ಚು ತೂಕ ಇಳಿಸಿಕೊಂಡರು. ಆದರೆ ತಿನ್ನುವ ಆಸೆಯನ್ನು ನೋಡಿಕೊಳ್ಳುವ ಗ್ರಾಹಿಯೇ ಮನಸ್ಸಿನ ನೆಮ್ಮದಿಯನ್ನೂ ನೋಡಿಕೊಳ್ಳುತ್ತದೆ. ಖಿನ್ನತೆಯಿಂದಾಗಿ ಮಾತ್ರೆ ನಿಲ್ಲಿಸಿದವರು ಹುಸಿ ಮಾತ್ರೆಯ ಗುಂಪಿಗಿಂತ ಎರಡೂವರೆ ಪಟ್ಟು. ಆತ್ಮಹತ್ಯೆಯ ಯೋಚನೆಯ ವರದಿಗಳೂ ಬಂದವು. ಅಮೆರಿಕ ಒಪ್ಪಿಗೆಯನ್ನೇ ಕೊಡಲಿಲ್ಲ. ಯುರೋಪ್ 2008ರ ಅಕ್ಟೋಬರ್‌ನಲ್ಲಿ ಮಾರಾಟ ತಡೆಯಿತು. ಇಲ್ಲಿನ ಕಂಪನಿಗಳೂ ತಯಾರಿಸಿ ಮಾರಿದ್ದ ಈ ಮಾತ್ರೆಯನ್ನು ಭಾರತ ನಿಷೇಧಿಸಿದ್ದು 2009ರ ಡಿಸೆಂಬರ್‌ನಲ್ಲಿ. ನಡುವಿನ ಒಂದು ವರ್ಷಕ್ಕೂ ಮಿಕ್ಕಿದ ಅವಧಿಯೇ ನನ್ನ ತಕರಾರು. ಮಿದುಳಿಗೆ ಕಡಿಮೆ ಇಳಿಯುವಂತೆ ರೂಪಿಸಿದ, ಸಿಬಿ-1 ತಡೆಯುವ ಮತ್ತೊಂದು ಮಾತ್ರೆ ಮಾನ್ಲುನಬಾಂಟ್ ಕೂಡ 2024ರ ಪ್ರಯೋಗದಲ್ಲಿ ತೂಕ ಇಳಿಸುವುದರ ಜೊತೆಗೆ ಕೆಲವರ ನಿದ್ದೆಯನ್ನೂ ಕೆಡಿಸಿತು, ಆತಂಕ ತಂದಿತು.

2025ರಲ್ಲಿ ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳು ಭಾರತಕ್ಕೆ ಬಂದವು. ಅವು ಹಿಡಿದಿರುವ ದಾರಿ ಬೇರೆ, ಫಲವೂ ಹೆಚ್ಚು. ಅವುಗಳಲ್ಲೊಂದಾದ ಸೆಮಾಗ್ಲುಟೈಡ್‌ನ ಪೇಟೆಂಟ್ ಇಲ್ಲಿ 2026ರ ಮಾರ್ಚ್‌ವರೆಗಷ್ಟೇ, ಆಮೇಲೆ ಅಗ್ಗದ ನಕಲುಗಳಿಗೆ ತಾಲ್ಲೂಕಿನ ಮೆಡಿಕಲ್ ಶಾಪ್‌ಗಳ ಬಾಗಿಲೂ ತೆರೆದಂತೆ. ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಸಿಗುವ ಕೌಂಟರಿನಲ್ಲಿ ಇವುಗಳ ಮೇಲೆ ಕಣ್ಣಿಡುವವರು ಯಾರು? ಗಿರಾಕಿಗಳಂತೂ ಕಾದಿದ್ದಾರೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಸುಮಾರು ಶೇ 30ರಷ್ಟು ಮಂದಿಯ ತೂಕ ಹೆಚ್ಚು. ಸುಮಾರು ಶೇ 17ರಷ್ಟು ಮಂದಿಯದು ಇರಬೇಕಾದ್ದಕ್ಕಿಂತ ಕಡಿಮೆ ಎಂಬುದೂ ಅದೇ ಸಮೀಕ್ಷೆಯಲ್ಲಿದೆ.

ರಿಮೊನಬಾಂಟ್ ಕಲಿಸಿದ ಪಾಠದಂತೆ ನಿಗಾ ಇಡಲು ಹೊಸ ಇಲಾಖೆಯೇನೂ ಬೇಕಿಲ್ಲ. ಮೂವತ್ತು ದಾಟಿದವರ ಮನೆಗೆ ಆಶಾ ಕಾರ್ಯಕರ್ತೆಯರು ಒಯ್ಯುವ ಸಿಬಿಎಸಿ ಎಂಬ ಆರೋಗ್ಯ ಪ್ರಶ್ನಾವಳಿಯಲ್ಲಿ ಸೊಂಟದ ಸುತ್ತಳತೆಗೆ ಒಂದು ಸಾಲಿದೆ. ಮನಸ್ಸು ಕುಗ್ಗಿದೆಯೇ, ಯಾವುದರಲ್ಲೂ ಆಸಕ್ತಿ ಇಲ್ಲವೇ ಎಂಬ ಎರಡು ಪ್ರಶ್ನೆಗಳೂ ಅದರಲ್ಲೇ ಇವೆ. ತೂಕದ ಔಷಧ ಬರೆಯುವ ಮುನ್ನ ವೈದ್ಯರು ಸುತ್ತಳತೆಯನ್ನೂ ಈ ಪ್ರಶ್ನೆಗಳ ಉತ್ತರವನ್ನೂ ಜೊತೆಗಿಟ್ಟು ಓದಬೇಕು, ಔಷಧ ಶುರುವಾದ ಮೂರು ತಿಂಗಳಿಗೆ ಅದೇ ಪ್ರಶ್ನೆಗಳನ್ನು ಆಶಾ ಮೂಲಕ ಮತ್ತೆ ಕೇಳಿಸಬೇಕು, ಉತ್ತರ ಕೆಟ್ಟದ್ದಾದರೆ ಔಷಧ ನಿಗಾ ಕೇಂದ್ರಕ್ಕೆ ವರದಿ ಹೋಗಬೇಕು. ಆಶಾಗೆ ಈ ಹೆಚ್ಚಿನ ಓಡಾಟದ ಗೌರವಧನವನ್ನೂ ಸರ್ಕಾರ ಕೊಡಬೇಕಾಗುತ್ತದೆ.