ಏರದ ಗಾಜು

ಬೆಳಗಾವಿಯ ಕುಟುಂಬವೊಂದು ಶ್ರಾವಣ ಸೋಮವಾರ ನಿಡಸೋಸಿಗೆ ಹೋಗಿತ್ತು. ದುರದುಂಡೀಶ್ವರ ಮಠದ ದರ್ಶನ, ಅಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿರುವ ಮಗಳ ಭೇಟಿ, ಎರಡೂ ಸುಖವಾಗಿ ಮುಗಿದವು. ಮರಳುವ ಹೊತ್ತಿಗೆ, ಕಾರಿನ ಹಿಂದಿನ ಆಸನದಲ್ಲಿದ್ದ ಆರು ವರ್ಷದ ಮಗ ಅಕ್ಕನಿಗೆ ಕೈ ಬೀಸಲೆಂದು ತನ್ನ ಕಡೆಯ ಗಾಜನ್ನು ಇಳಿಸಿದ. ಗಾಜು ಅರ್ಧಕ್ಕೆ ಇಳಿದು ನಿಂತಿತು, ಮತ್ತೆ ಏರಲಿಲ್ಲ. ಕಾರು ಸಂಕೇಶ್ವರವನ್ನು ಮುಟ್ಟುವಷ್ಟರಲ್ಲಿ ಮಳೆಯೂ ಹಿಡಿಯಿತು.

“ಮೋಟಾರು ಸುಟ್ಟಿತು” ಎಂದು ಯಜಮಾನರು ತೀರ್ಪಿತ್ತರು. ಗೃಹಿಣಿ ಮನಸ್ಸಿನಲ್ಲಿಯೇ ತಿಂಗಳ ಖರ್ಚಿನ ಲೆಕ್ಕ ಹಾಕತೊಡಗಿದರು. ರಸ್ತೆಬದಿಯ ಮಿಸ್ತ್ರಿ ಮಾತ್ರ ಬಾಗಿಲಿಗೆ ಕೈ ಹಚ್ಚಲಿಲ್ಲ; ಕಿವಿ ಹಚ್ಚಿದ.

“ಸ್ವಿಚ್ ಒತ್ರಿ ಸಾಹೇಬ್ರ. ಸಪ್ಪಳ ಏನ್ ಬರತೈತಿ ಮೊದಲ ಕೇಳೂಣು” ಎಂದ.

ಈ ವಿದ್ಯೆಯ ಮುಕ್ಕಾಲು ಪಾಲು ಆ ಮಾತಿನಲ್ಲಿಯೇ ಅಡಗಿದೆ. ಅಂಬಾಸಿಡರಿನ ಕಾಲದಲ್ಲಿ ಕಿಟಕಿಗೆ ತಿರುಗಿಸುವ ಹಿಡಿಕೆ ಇತ್ತು. ಗಾಜು ಸಿಕ್ಕಿಕೊಂಡರೆ ಅದು ಕೈಗೇ ತಿಳಿಯುತ್ತಿತ್ತು. ಗುಂಡಿ ಒತ್ತಿದರೆ ಏರಿಳಿಯುವ ಕಿಟಕಿ 1940ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರಿನಲ್ಲಿ ಬಂದಿತು. ಅಂದು ಗಾಜನ್ನು ಎತ್ತುತ್ತಿದ್ದುದು ಎಣ್ಣೆಯ ಒತ್ತಡ. ಇಂದು ಬಾಗಿಲಿನೊಳಗೆ 12 ವೋಲ್ಟಿನ ಪುಟ್ಟ ಮೋಟಾರೊಂದಿರುತ್ತದೆ. ಅದು ರೆಗ್ಯುಲೇಟರ್ ಎಂಬ ಚೌಕಟ್ಟನ್ನು ಉಕ್ಕಿನ ಹುರಿಯಿಂದಲೋ ಹಲ್ಲುಚಕ್ರದಿಂದಲೋ ಎಳೆದು ಗಾಜನ್ನು ಎತ್ತುತ್ತದೆ. ಕೈಗೆ ತಿಳಿಯುತ್ತಿದ್ದುದನ್ನು ಈಗ ಕಿವಿಯಿಂದ ತಿಳಿಯಬೇಕಾಗಿದೆ.

ಗುಂಡಿ ಒತ್ತಿದಾಗ ಯಾವ ಸಪ್ಪಳವೂ ಇಲ್ಲವೆಂದರೆ ಮೋಟಾರಿಗೆ ವಿದ್ಯುತ್ತು ತಲುಪುತ್ತಿಲ್ಲ, ಇಲ್ಲವೆ ಮೋಟಾರೇ ಸೋತಿದೆ. ಮೋಟಾರು ಗಿರ್ರನೆ ತಿರುಗಿಯೂ ಗಾಜು ಅಲುಗದಿದ್ದರೆ ಹುರಿ ಹರಿದಿದೆ, ಅಥವಾ ಗಾಜನ್ನು ಹಿಡಿದ ಪ್ಲಾಸ್ಟಿಕ್ಕಿನ ಕೊಂಡಿ ಮುರಿದಿದೆ. ‘ಗುಂ’ ಎಂದು ಸುಮ್ಮನಾದರೆ, ಮತ್ತು ಅದೇ ಕ್ಷಣಕ್ಕೆ ಕಾರಿನೊಳಗಿನ ದೀಪ ತುಸು ಮಂಕಾದರೆ, ವಿದ್ಯುತ್ತು ತಲುಪಿದೆ. ಗಾಜೇ ಎಲ್ಲಿಯೋ ಬಿಗಿದಿದೆ.

ನಾಲ್ಕೂ ಕಿಟಕಿಗಳು ಒಮ್ಮೆಲೆ ನಿಂತರೆ ಫ್ಯೂಸನ್ನು ನೋಡಬೇಕು. ಹೊಸದನ್ನು ಅಷ್ಟೇ ಆಂಪಿಯರಿನದನ್ನು ಹಾಕಬೇಕು. ತಂತಿ ಸುತ್ತಿ ಕೆಲಸ ಸಾಗಿಸುವುದು ಬೆಂಕಿಗೆ ಕೊಟ್ಟ ಆಮಂತ್ರಣ. ಚಾಲಕರ ಗುಂಡಿಗೆ ಓಗೊಡುವ ಗಾಜು ಪ್ರಯಾಣಿಕರ ಗುಂಡಿಗೆ ಓಗೊಡದಿದ್ದರೆ, ಚಾಲಕರ ಬಾಗಿಲಿನ ಬೀಗದ ಗುಂಡಿಯನ್ನು ಯಾರೋ ಅರಿಯದೆ ಒತ್ತಿರಬಹುದು. ಕಾಸು ಖರ್ಚಿಲ್ಲದ ರಿಪೇರಿ ಅದು. ಬಾಗಿಲನ್ನು ಅರ್ಧ ತೆರೆದಾಗ ಮಾತ್ರ ಗಾಜು ಚಲಿಸುವುದಾದರೆ ತಿರುಗಣಿಯ ಬಳಿಯ ರಬ್ಬರಿನ ಕೊಳವೆಯಲ್ಲಿ ತಂತಿ ತುಂಡಾಗಿದೆ. ದಿನಂಪ್ರತಿ ಬಾಗಿಲು ತೆರೆದು ಮುಚ್ಚುವಾಗ ಅದು ಮಡಚಿ ಮಡಚಿ ಸವೆಯುವುದು ಸಹಜ.

ನಿಡಸೋಸಿಯಿಂದ ಬಂದ ಕಾರಿನಲ್ಲಿ ‘ಗುಂ’ ಎಂಬ ಸಪ್ಪಳವೇ ಕೇಳಿತು, ದೀಪವೂ ಮಂಕಾಯಿತು. ಮಿಸ್ತ್ರಿ ಗಾಜು ಜಾರುವ ರಬ್ಬರಿನ ಸಂದಿನೊಳಗೆ ಬೆರಳು ಎಳೆದು ತೋರಿಸಿದ: ಕಪ್ಪು ಅಂಟು. ಯಜಮಾನರ ಮುಖ ಚಿಕ್ಕದಾಯಿತು. ಗಾಜು ಕಿರುಗುಟ್ಟುತ್ತದೆಂದು ಬೇಸಿಗೆಯಲ್ಲಿ ಗ್ರೀಸು ಹಚ್ಚಿದವರು ಅವರೇ. ಕಬ್ಬಿನ ಗಾಡಿಗಳು ಓಡಾಡುವ ಈ ಸೀಮೆಯಲ್ಲಿ ಎರೆಮಣ್ಣಿನ ಧೂಳಿಗೆ ಬರಗಾಲವಿಲ್ಲ. ಗ್ರೀಸು ಅದನ್ನೆಲ್ಲ ಹಿಡಿದಿಟ್ಟು, ಮಳೆಯ ತೇವಕ್ಕೆ ಗಾರೆಯಂತೆ ಬಿಗಿದಿತ್ತು. ಈ ಸಂದಿಗೆ ಗ್ರೀಸಾಗಲಿ, ಇಂಜಿನ್ ಎಣ್ಣೆಯಾಗಲಿ, ಕೊಬ್ಬರಿ ಎಣ್ಣೆಯಾಗಲಿ ಸಲ್ಲದು. ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಮಣ್ಣು ತೆಗೆದು, ಒಣಗಿಸಿ, ಸಿಲಿಕೋನ್ ಸ್ಪ್ರೇ ತುಸು ಹೊಡೆದರೆ ಸಾಕು. ಬಾಗಿಲಿನ ಅಡಿಯ ಸಣ್ಣ ತೂತುಗಳನ್ನೂ ತೆರೆದಿಡಬೇಕು. ಒಳಗೆ ಇಳಿದ ಮಳೆನೀರಿಗೆ ಹೊರಹೋಗುವ ದಾರಿ ಅದೇ. ಮಣ್ಣು ಕಟ್ಟಿದರೆ ನೀರು ನಿಂತು ಮೋಟಾರು ತುಕ್ಕು ಹಿಡಿಯುತ್ತದೆ.

ಮಿಸ್ತ್ರಿಯ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ಯಜಮಾನರು ಸಂತೋಷದಿಂದ ಮುಂದಿನ ಆಸನದಲ್ಲಿ ಕುಳಿತು, ಹಿಂದಿರುಗಿ ನೋಡದೆ ಗುಂಡಿ ಎಳೆದರು. ಗಾಜು ಸರಸರನೆ ಏರಿತು. ಮಗ ಗಾಜಿನ ಅಂಚಿಗೆ ಗದ್ದವನ್ನೂರಿ ಹೊರಗೆ ಮಳೆ ನೋಡುತ್ತಿದ್ದ!

ತಾಯಿಯ ಕೂಗಿಗೆ ಯಜಮಾನರ ಬೆರಳು ಸಡಿಲಿತು, ಗಾಜು ನಿಂತಿತು. ಮಗುವಿನ ಕೊರಳಿಗೂ ಚೌಕಟ್ಟಿಗೂ ನಡುವೆ ಉಳಿದಿದ್ದುದು ನಾಲ್ಕು ಬೆರಳ ಅಂತರ.

“ಗಾಬರಿ ಆಗಬ್ಯಾಡ್ರಿ ಅಕ್ಕಾರ, ಏನೂ ಆಗಿಲ್ಲ” ಎಂದ ಮಿಸ್ತ್ರಿ, ಮಗುವನ್ನು ಮೆಲ್ಲನೆ ಹಿಂದಕ್ಕೆ ಸರಿಸುತ್ತ. ಅನಂತರ ಚಾಲಕರ ಬಾಗಿಲಿನ ಬೀಗದ ಗುಂಡಿಯನ್ನು ತೋರಿಸಿ ಹೇಳಿದ: “ಹುಡುಗ್ರು ಹಿಂದ ಕುಂತಾಗ ಇದನ್ನ ಒತ್ತೇ ಇಡ್ರಿ. ನೀವು ಒತ್ತಬೇಕಾದ್ರೂ ಹೊಳ್ಳಿ ನೋಡಿ ಒತ್ರಿ.”

ಅಡ್ಡ ಸಿಕ್ಕ ವಸ್ತುವನ್ನು ಅರಿತು ತಾನೇ ಹಿಂದೆ ಸರಿಯುವ ಗಾಜು ಎಲ್ಲ ಕಾರುಗಳಲ್ಲಿಲ್ಲ. ಹಲವು ಕಾರುಗಳಲ್ಲಿ ಆ ಏರ್ಪಾಡು ಚಾಲಕರ ಕಿಟಕಿಗೆ ಮಾತ್ರ ಇರುತ್ತದೆ. ಮಳೆಯನ್ನು ತಡೆಯುವ ಗಾಜಿಗೆ ಮಗುವಿನ ಕೊರಳನ್ನು ಒತ್ತುವ ಬಲವೂ ಇದೆ. ಕಾರಿನಿಂದ ಇಳಿಯುವಾಗ ಬೀಗದ ಕೈಯನ್ನು ಮಕ್ಕಳ ಬಳಿ ಬಿಡದಿರುವುದೂ ಇದೇ ಕಾರಣಕ್ಕೆ.

ಕೆಟ್ಟ ಕಿಟಕಿಯ ರಿಪೇರಿಯನ್ನು ಮುಂದೂಡುವುದೂ ಕ್ಷೇಮವಲ್ಲ. 2019ರ ಆಗಸ್ಟಿನಲ್ಲಿ ಬೆಳಗಾವಿ ಜಿಲ್ಲೆಯ ನದಿಗಳು ಉಕ್ಕಿದುದನ್ನು ಇಲ್ಲಿಯ ಜನ ಮರೆತಿಲ್ಲ. ಕಾರು ನೀರಿಗೆ ಸಿಕ್ಕರೆ ಬಾಗಿಲು ತೆರೆಯುವುದು ಕಷ್ಟ; ಆಗ ತಡಮಾಡದೆ ಇಳಿಸಬೇಕಾದುದು ಗಾಜನ್ನು. ಅಂದು ಅದು ಓಗೊಡಬೇಕಾದರೆ ಇಂದೇ ಅದರ ಸಪ್ಪಳಕ್ಕೆ ಕಿವಿಗೊಡಬೇಕು.

ಕಾರು ಬೆಳಗಾವಿಯ ಹೆದ್ದಾರಿ ಹಿಡಿಯಿತು. ನಾಲ್ಕೂ ಗಾಜುಗಳು ಮೇಲಿದ್ದವು. ಬೀಗದ ಗುಂಡಿ ಒತ್ತಿತ್ತು. ಮಗ ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದ.