ವೈರ್‌ಲೆಸ್ ಮಾತಿಗೆ ಜನರೂ ಹಕ್ಕುದಾರರು

2006ರ ಏಪ್ರಿಲ್ 13. ಡಾ. ರಾಜ್‌ಕುಮಾರ್ ಅವರ ಪಾರ್ಥಿವ ಶರೀರವನ್ನು ನಂದಿನಿ ಲೇಔಟ್ ಬಳಿಯ ಕಂಠೀರವ ಸ್ಟುಡಿಯೊಗೆ ತರುವ ಹೊತ್ತಿಗೆ ರಿಂಗ್ ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಲ್ಲು ತೂರಾಟ, ಬೆಂಕಿ, ಅಶ್ರುವಾಯು, ಗೋಲಿಬಾರ್. ಒಬ್ಬ ಪೊಲೀಸ್ ಕಾನ್‌ಸ್ಟೆಬಲ್ ಸೇರಿ ಹಲವರು ಅಂದಿನ ಗಲಭೆಯಲ್ಲಿ ಪ್ರಾಣ ಕಳೆದುಕೊಂಡರು. ಹದಿನೈದು ವರ್ಷಗಳ ನಂತರ, 2021ರ ಅಕ್ಟೋಬರ್ 31ರ ನಸುಕಿನಲ್ಲಿ, ಅದೇ ಸ್ಟುಡಿಯೊ ಆವರಣದಲ್ಲಿ ಪುನೀತ್ ರಾಜ್‌ಕುಮಾರ್ ಅವರ ಅಂತ್ಯಕ್ರಿಯೆ ನಡೆಯಿತು. ದುಃಖ ಕಡಿಮೆ ಇರಲಿಲ್ಲ, ಜನವೂ ಕಡಿಮೆ ಇರಲಿಲ್ಲ. ಆದರೆ ಎಲ್ಲವೂ ಶಾಂತವಾಗಿ ನೆರವೇರಿತು.

ಈ ಎರಡು ದಿನಗಳ ನಡುವೆ ಬಂದೋಬಸ್ತಿನಲ್ಲಿ ಏನು ಬದಲಾಗಿತ್ತು? 2006ರಲ್ಲಿ ಯಾವ ಗಳಿಗೆಯಲ್ಲಿ ಯಾರು ಹೆಚ್ಚುವರಿ ಪಡೆ ಕೇಳಿದರು, ಅದು ಎಷ್ಟು ಹೊತ್ತಿಗೆ ಬಂತು? ಇದಕ್ಕೆಲ್ಲ ನಿಖರ ಉತ್ತರ ಇರುವುದು ಕಂಟ್ರೋಲ್ ರೂಮಿಗೂ ರಸ್ತೆಯಲ್ಲಿದ್ದ ಪೊಲೀಸರಿಗೂ ನಡುವೆ ಹರಿದಾಡಿದ ವೈರ್‌ಲೆಸ್ ಮಾತಿನಲ್ಲಿ. ಆ ಮಾತು ಜನರ ಕೈಗೆ ಸಿಗುವುದಿಲ್ಲ. ಜನರಿಗೆ ಉಳಿಯುವುದು ಅವರವರ ನೆನಪು ಮತ್ತು ಅಂತೆಕಂತೆ ಮಾತ್ರ.

ಅಮೆರಿಕದಲ್ಲಿ ಪೊಲೀಸರ ಇಂಥ ಮಾತನ್ನು ಕೇಳುವುದೇ ಒಂದು ಹವ್ಯಾಸ. 1928ರಲ್ಲಿ ಡೆಟ್ರಾಯಿಟ್ ಪೊಲೀಸರು ಗಸ್ತು ಕಾರುಗಳಿಗೆ ರೇಡಿಯೊ ಮೂಲಕ ಸಂದೇಶ ಕಳಿಸತೊಡಗಿದಾಗ ಮನೆಯಲ್ಲಿ ರೇಡಿಯೊ ಇದ್ದವರೂ ಅದಕ್ಕೆ ಕಿವಿಗೊಟ್ಟರು. ವೀಜೀ ಎಂದೇ ಪ್ರಸಿದ್ಧನಾದ ನ್ಯೂಯಾರ್ಕ್‌ನ ಛಾಯಾಗ್ರಾಹಕ ಆರ್ಥರ್ ಫೆಲಿಗ್ ತನ್ನ ಕಾರಿನಲ್ಲೇ ಪೊಲೀಸ್ ರೇಡಿಯೊ ಇಟ್ಟುಕೊಂಡು ಘಟನೆ ನಡೆದಲ್ಲಿಗೆ ಎಲ್ಲರಿಗಿಂತ ಮೊದಲು ಹಾಜರಾಗುತ್ತಿದ್ದ. ಮುಂದೆ ಸ್ಕ್ಯಾನರ್ ಎಂಬ ಯಂತ್ರ ಮನೆಮನೆಗೆ ಬಂತು, ಆಮೇಲೆ ಅದೇ ಧ್ವನಿ ಇಂಟರ್ನೆಟ್ಟಿಗೆ ಹೋಯಿತು. ಈಗ ಗಾಳಿ ತಿರುಗಿದೆ. ಷಿಕಾಗೊ ಪೊಲೀಸರು ಸಂಭಾಷಣೆಯನ್ನು ಗೂಢಲಿಪಿಗೆ ಬದಲಿಸಿ ಸಾರ್ವಜನಿಕರಿಗೆ ಅರ್ಧ ಗಂಟೆ ತಡವಾಗಿ ಕೇಳಿಸುವ ಪದ್ಧತಿ ತಂದರು. ನ್ಯೂಯಾರ್ಕ್ ಪೊಲೀಸರು 2023ರಿಂದ ಒಂದೊಂದೇ ವಾಹಿನಿಯನ್ನು ಮುಚ್ಚತೊಡಗಿದಾಗ ಪತ್ರಕರ್ತರು ಬಲವಾಗಿ ವಿರೋಧಿಸಿದರು.

ಮುಕ್ತವಾಗಿ ಕೇಳಿಸಿಕೊಳ್ಳುವುದರಲ್ಲಿ ಅಪಾಯ ಇಲ್ಲವೆಂದಲ್ಲ. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಬಾಂಬ್ ಸ್ಫೋಟದ ಶಂಕಿತರಿಗಾಗಿ ಹುಡುಕಾಟ ನಡೆದ ರಾತ್ರಿ ಅಪಾರ ಸಂಖ್ಯೆಯ ಜನ ಪೊಲೀಸ್ ಸ್ಕ್ಯಾನರಿಗೆ ಕಿವಿ ಹಚ್ಚಿ ಕೂತಿದ್ದರು. ‘ಸ್ಕ್ಯಾನರಿನಲ್ಲಿ ಹೆಸರು ಬಂತು’ ಎಂದು ಯಾರೋ ಬರೆದರು. ಭಾರತೀಯ ಮೂಲದ ವಿದ್ಯಾರ್ಥಿ ಸುನಿಲ್ ತ್ರಿಪಾಠಿಯ ಹೆಸರು ಕ್ಷಣಾರ್ಧದಲ್ಲಿ ಜಗತ್ತಿಗೆಲ್ಲ ಹಬ್ಬಿತು. ಆ ಹುಡುಗನಿಗೂ ಸ್ಫೋಟಕ್ಕೂ ಯಾವ ಸಂಬಂಧವೂ ಇರಲಿಲ್ಲ. ಅವನು ಮಾರ್ಚ್‌ನಿಂದಲೇ ಕಾಣೆಯಾಗಿದ್ದ, ಕೆಲವೇ ದಿನಗಳಲ್ಲಿ ಅವನ ಶವ ಸಿಕ್ಕಿತು. ಮಗನನ್ನು ಹುಡುಕುತ್ತಿದ್ದ ಕುಟುಂಬ ಆ ರಾತ್ರಿ ಅನುಭವಿಸಿದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ನಮ್ಮಲ್ಲಿ ಕಾನೂನು ಮೊದಲಿನಿಂದಲೂ ಬಿಗಿ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಪರವಾನಗಿ ಇಲ್ಲದೆ ವೈರ್‌ಲೆಸ್ ಉಪಕರಣ ಇಟ್ಟುಕೊಳ್ಳುವುದನ್ನೇ ಅಪರಾಧವಾಗಿಸಿತ್ತು. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಸಂದೇಶವನ್ನು ಅಕ್ರಮವಾಗಿ ಕದ್ದು ಕೇಳಿದವರಿಗೆ ಮೂರು ವರ್ಷದವರೆಗೆ ಜೈಲು, ಎರಡು ಕೋಟಿ ರೂಪಾಯಿವರೆಗೆ ದಂಡ ಬೀಳಬಹುದು. 2025ರ ಮೇ ತಿಂಗಳಲ್ಲಿ, ವಾಕಿಟಾಕಿಗಳನ್ನು ನಿಯಮ ಮೀರಿ ಮಾರುತ್ತಿದ್ದ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟಿತು.

ಹಾಗೆಂದು ರೇಡಿಯೊ ಹುಚ್ಚು ಕನ್ನಡ ನಾಡಿಗೆ ಹೊಸದಲ್ಲ. ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು, ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂತು. ಬೆಂಗಳೂರಿನಲ್ಲಿ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದ ಹವ್ಯಾಸಿ ರೇಡಿಯೊ ಬಳಕೆದಾರರು, ಅಂದರೆ ಹ್ಯಾಮ್‌ಗಳು ಇದ್ದಾರೆ. ಇಂಥ ಹವ್ಯಾಸಿಗಳಿಗಾಗಿಯೇ ಇಸ್ರೊ 2005ರಲ್ಲಿ ಹ್ಯಾಮ್‌ಸ್ಯಾಟ್ ಉಪಗ್ರಹ ಹಾರಿಸಿತು. ಟಿವಿ ನೋಡಲೆಂದು ಮಾಡಿದ ಹೆಬ್ಬೆರಳು ಗಾತ್ರದ ಯುಎಸ್‌ಬಿ ಸಾಧನವನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ತಾರಸಿಯ ಮೇಲೆ ಕೂತು ವಿಮಾನಗಳ ಜಾಡು ಹಿಡಿಯಬಹುದು. ಕಲಿಯುವ ಆಸೆಯಿಂದ ಆಂಟೆನಾ ಕಟ್ಟುವ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನೂ ಪೊಲೀಸ್ ವಾಹಿನಿಗೆ ಕನ್ನ ಹಾಕುವ ಕಿಡಿಗೇಡಿಯನ್ನೂ ಒಂದೇ ಕಣ್ಣಿನಿಂದ ನೋಡಬಾರದು. ಯಾವುದನ್ನು ಕೇಳಬಹುದು, ಯಾವುದನ್ನು ಕೇಳಬಾರದು ಎಂದು ಸರಳ ಕನ್ನಡದಲ್ಲಿ ತಿಳಿಸುವ ಒಂದು ಪುಟವನ್ನಾದರೂ ಸರ್ಕಾರ ಪ್ರಕಟಿಸಬೇಕು.

ಪೊಲೀಸ್ ವೈರ್‌ಲೆಸ್ ಅನ್ನು ನೇರವಾಗಿ ಎಲ್ಲರಿಗೂ ತೆರೆದಿಡುವುದು ಬೆಂಗಳೂರಿಗೆ ಸಲ್ಲ. ಟೀ ಅಂಗಡಿ ಮುಂದೆ ನಿಂತ ಪೊಲೀಸರ ಹೊಯ್ಸಳ ಗಸ್ತು ವಾಹನದ ಕಿಟಕಿಯಿಂದ ಕೆಲವೊಮ್ಮೆ ಕೇಳಿಬರುವುದು ಇಂಥ ಮಾತೇ: ಇಂಥ ಕ್ರಾಸು, ಇಷ್ಟನೇ ಮನೆ, ಗಂಡ ಕುಡಿದು ಹೊಡೆಯುತ್ತಿದ್ದಾನೆ. ಒತ್ತೊತ್ತಾಗಿ ಮನೆಗಳಿರುವ ಬಡಾವಣೆಯಲ್ಲಿ ಅಷ್ಟು ಸಾಕು, ಯಾರ ಮನೆಯೆಂದು ಬೀದಿಗೇ ತಿಳಿಯುತ್ತದೆ. ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಲ್ಲಿ. ಆ ಹೆಣ್ಣುಮಗಳಿಗೂ ಆ ಹಕ್ಕು ಇದೆ.

ಆದರೆ ಘಟನೆ ಮುಗಿದ ಮೇಲೂ ಬಾಗಿಲು ಮುಚ್ಚಿಯೇ ಇರಬೇಕೇಕೆ? 2008ರ ಮುಂಬೈ ದಾಳಿಯಲ್ಲಿ ಹುತಾತ್ಮರಾದ ಅಶೋಕ್ ಕಾಮ್ಟೆ ಅದಕ್ಕೆ ಮುಂಚೆ ಸೊಲ್ಲಾಪುರದ ಪೊಲೀಸ್ ಕಮಿಷನರ್ ಆಗಿದ್ದವರು, ಅಲ್ಲಿನ ಕನ್ನಡಿಗರಿಗೂ ಪರಿಚಿತರು. ಪತಿ ಹೇಗೆ ಸತ್ತರೆಂದು ತಿಳಿಯಲು ವಿನೀತಾ ಕಾಮ್ಟೆ ಮಾಹಿತಿ ಹಕ್ಕಿನಡಿ ಕಂಟ್ರೋಲ್ ರೂಮಿನ ವೈರ್‌ಲೆಸ್ ದಾಖಲೆ ಕೇಳಿದರು. ಸುಲಭವಾಗಿ ಸಿಗಲಿಲ್ಲ, ಪಟ್ಟು ಹಿಡಿದು ಪಡೆದರು. ಕಾಮಾ ಆಸ್ಪತ್ರೆಯನ್ನು ಸುತ್ತುವರಿಯಲು ಪಡೆ ಕಳಿಸಿ ಎಂದು ಪೊಲೀಸ್ ಅಧಿಕಾರಿ ಹೇಮಂತ್ ಕರ್ಕರೆ ಕೇಳಿದ್ದು ಆ ದಾಖಲೆಯಲ್ಲಿತ್ತು. ನೆರವು ತಡವಾದುದೇಕೆ ಎಂಬ ಪ್ರಶ್ನೆಯನ್ನು ವಿನೀತಾ 2009ರಲ್ಲಿ ಪುಸ್ತಕ ಬರೆದೇ ಎತ್ತಿದರು. ಅವರ ತೀರ್ಮಾನಗಳನ್ನು ಅಧಿಕಾರಿಗಳು ಅಲ್ಲಗಳೆದರು. ಅಲ್ಲಗಳೆಯಲಿ, ವಾದ ದಾಖಲೆಯ ಮೇಲೆ ನಡೆಯಿತಲ್ಲ.

ಬೆಂಗಳೂರಿನಲ್ಲೂ ಇಂಥದೇ ಪ್ರಶ್ನೆ ಇದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಪೊಲೀಸ್ ಅಧಿಕಾರಿಗಳು ಅಮಾನತಾದರು, ವಿಚಾರಣಾ ಆಯೋಗ ಕೂತಿತು, ಒಬ್ಬರ ಮೇಲೊಬ್ಬರು ಬೆರಳು ತೋರಿಸಿದರು. ಗೇಟುಗಳ ಬಳಿ ನೂಕುನುಗ್ಗಲು ಮಿತಿಮೀರಿದೆ ಎಂಬ ಮೊದಲ ಸಂದೇಶ ಎಷ್ಟು ಗಂಟೆಗೆ ಹೋಯಿತು, ಏನು ಉತ್ತರ ಬಂತು? ಮಕ್ಕಳನ್ನು ಕಳೆದುಕೊಂಡ ತಂದೆತಾಯಿ ಇದನ್ನು ತಿಳಿಯಲು ವರ್ಷಗಟ್ಟಲೆ ಅಲೆಯುವಂತೆ ಆಗಬಾರದು.

ದಾರಿ ಇಲ್ಲದಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್, ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಅಂತರ್ಜಾಲದಲ್ಲಿ ಹಾಕಬೇಕೆಂದು ಆದೇಶಿಸಿತು. ವೈರ್‌ಲೆಸ್ ದಾಖಲೆಗೂ ಅದೇ ಜಾಡು ಸಾಕು. ನಂದಿನಿ ಲೇಔಟ್ ಠಾಣೆಯನ್ನೇ ತೆಗೆದುಕೊಳ್ಳಿ: ತುರ್ತು ಸಂಖ್ಯೆ 112ಕ್ಕೆ ಕರೆ ಬಂದ ಸಮಯ, ದೂರಿನ ಬಗೆ, ಹೊಯ್ಸಳ ತಲುಪಿದ ಸಮಯ, ಇಷ್ಟನ್ನು ಹೆಸರು, ವಿಳಾಸ, ಫೋನ್ ನಂಬರ್ ತೆಗೆದು ತಿಂಗಳಿಗೊಮ್ಮೆ ಪ್ರಕಟಿಸಲಿ. ಸಾವು ಸಂಭವಿಸಿದ ಗಲಭೆ, ಕಾಲ್ತುಳಿತ, ಗೋಲಿಬಾರ್‌ಗಳಲ್ಲಿ ಧ್ವನಿಮುದ್ರಣವನ್ನು ಅಳಿಸದೆ ಕಾಪಾಡಿ, ತನಿಖೆ ಮುಗಿದೊಡನೆ ಮೊದಲು ಮೃತರ ಕುಟುಂಬಕ್ಕೆ, ನಂತರ ಸಾರ್ವಜನಿಕರಿಗೆ ಕೊಡಲಿ. ಗುಟ್ಟಾಗಿಡಬೇಕಾದ ಭಾಗವನ್ನು ಬೇರ್ಪಡಿಸಿ ಉಳಿದುದನ್ನು ಕೊಡಲು ಮಾಹಿತಿ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ಇದೆ, ಅರ್ಜಿಗೆ ಕಾಯದೆ ತಾವಾಗಿಯೇ ಪ್ರಕಟಿಸಲು 4ನೇ ಸೆಕ್ಷನ್ ಇದೆ. ಹೊಸ ಕಾನೂನು ಬೇಕಿಲ್ಲ. ಗೃಹ ಇಲಾಖೆಯ ಒಂದು ಸುತ್ತೋಲೆಯಿಂದ ಈ ಕೆಲಸ ಶುರುವಾಗಬಹುದು.